ಅಳಿಸದೆ ಉಳಿದ ಒಂದು ಫೋಟೊ

ಫಿಲ್ಮ್ ಕಾಲದಲ್ಲಿ ಪತ್ರಿಕಾ ಛಾಯಾಗ್ರಾಹಕರ ಲೆಕ್ಕ ಸರಳ: ಒಂದು ರೋಲಿಗೆ 36 ಫೋಟೊ. 30 ದಾಟಿತು ಅಂದ್ರೆ ಕೈ ತಡೆದುಕೊಳ್ಳಬೇಕು. ರೋಲ್ ಬದಲಿಸುವಾಗಲೇ ಮುಖ್ಯ ಕ್ಷಣ ಬಂದುಬಿಟ್ರೆ? ಆದರೆ ಅಚ್ಚಾದದ್ದು ಒಂದೇ ಆದ್ರೂ, ಮಿಕ್ಕವು ನೆಗೆಟಿವ್‌ನಲ್ಲಿ ಉಳೀತಿದ್ವು.

1994ರಲ್ಲಿ ಕೊಡ್ಯಾಕ್ ಮತ್ತು ಅಸೋಸಿಯೇಟೆಡ್ ಪ್ರೆಸ್ ಸೇರಿ ಸುದ್ದಿ ಕೆಲಸಕ್ಕೆಂದೇ ಎನ್‌ಸಿ2000 ಡಿಜಿಟಲ್ ಕ್ಯಾಮೆರಾ ತಂದವು. ಫಿಲ್ಮ್ ತೊಳೆಯೋ ಕೆಲಸ ತಪ್ಪಿತು. ಆದರೆ ಕಾರ್ಡು ದುಬಾರಿ, ಜಾಗ ಕಡಿಮೆ. ಬೇಕಾದ ಫೋಟೊ ಕಳಿಸಿ, ಉಳಿದದ್ದು ಅಳಿಸಿ, ಮುಂದಿನ ಕೆಲಸಕ್ಕೆ ಹೋಗೋದು ರೂಢಿಯಾಯ್ತು.

ಇದರಿಂದ ಏನು ಕಳೆದುಹೋಗುತ್ತೆ? 1996ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನ ನಿಧಿಸಂಗ್ರಹ ಸಮಾರಂಭವೊಂದರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಗುಂಪಿನಲ್ಲಿದ್ದ ಯುವತಿಯೊಬ್ಬರನ್ನು ಅಪ್ಪಿಕೊಂಡರು. ಅವತ್ತಿಗೆ ಅದು ಸುದ್ದಿಯೇ ಅಲ್ಲ. 1998ರ ಜನವರಿಯಲ್ಲಿ ಮೋನಿಕಾ ಲೆವಿನ್‌ಸ್ಕಿ ಪ್ರಕರಣ ಹೊರಬಂತು. ‘ಟೈಮ್’ ವಾರಪತ್ರಿಕೆಗೆ ಫೋಟೊ ತೆಗೆಯುತ್ತಿದ್ದ ಡರ್ಕ್ ಹಾಲ್‌ಸ್ಟೆಡ್‌ಗೆ ಆ ಮುಖ ಎಲ್ಲೋ ನೋಡಿದ ನೆನಪು. ಹಳೇ ಸ್ಲೈಡುಗಳನ್ನೆಲ್ಲ ಹುಡುಕಿಸಿದರು. ಅಪ್ಪುಗೆಯ ಒಂದು ಫೋಟೊ ಸಿಕ್ತು. ‘ಟೈಮ್’ ಮುಖಪುಟಕ್ಕೇ ಬಂತು. ಅವತ್ತು ಅಲ್ಲೇ ಡಿಜಿಟಲ್‌ನಲ್ಲಿ ತೆಗೆದಿದ್ದವರು ತಮ್ಮವನ್ನು ಅಳಿಸಿಬಿಟ್ಟಿದ್ದರು ಅಂತ ಹಾಲ್‌ಸ್ಟೆಡ್ ಆಮೇಲೆ ಹೇಳಿದ್ದಾರೆ.

1999ರಲ್ಲಿ ನಿಕಾನ್ ಡಿ1 ಬಂದ ಮೇಲೆ, ಹಿಂಬದಿಯ ಪರದೆ ನೋಡಿ ನಿಂತಲ್ಲೇ ಅಳಿಸೋದು ಇನ್ನೂ ಸುಲಭವಾಯ್ತು. ಈಗ ಒಂದೇ ಕಾರ್ಯಕ್ರಮದಲ್ಲಿ ಸಾವಿರ ಫೋಟೊ ತೆಗೀಬಹುದು. ಆದರೆ ಅದರಲ್ಲಿ ಯಾವುದು ನಾಳೆಯ ಇತಿಹಾಸ ಅನ್ನೋದು ತೆಗೆದವರಿಗೂ ಗೊತ್ತಿರಲ್ಲ. ಫಿಲ್ಮ್ ಆ ತೀರ್ಮಾನವನ್ನು ಮುಂದಕ್ಕೆ ಹಾಕ್ತಿತ್ತು. ಈಗ ಅದು ಅದೇ ಸಂಜೆ, ಡೆಲೀಟ್ ಒತ್ತುವ ಬೆರಳಲ್ಲೇ ಆಗಿಹೋಗುತ್ತೆ.