ದಾಬೋಳಿಯಿಂದ ತಪ್ಪಿಸಿಕೊಂಡ ಎರಡು ವಿಮಾನ

ಗೋವಾ ವಿಮೋಚನೆ ಎಂದರೆ ಕಾರವಾರ ಕಡೆಯವರಿಗೆ ಮೊದಲು ನೆನಪಾಗುವುದು ಅಂಜುದೀವ ನಡುಗಡ್ಡೆ. 1961ರ ನವೆಂಬರಿನಲ್ಲಿ ಅಲ್ಲಿದ್ದ ಪೋರ್ಚುಗೀಸ್ ಸೈನಿಕರು ಸಬರಮತಿ ಹಡಗಿನ ಮೇಲೆ ಗುಂಡು ಹಾರಿಸಿದರು. ಡಿಸೆಂಬರ್ 18ರಂದು ನಮ್ಮ ನಾವಿಕರು ಅಲ್ಲಿ ಇಳಿದಾಗ, ಬಿಳಿ ಬಾವುಟ ತೋರಿಸಿದ ಮೇಲೂ ಗುಂಡು ಬಂತು. 7 ನಾವಿಕರು ಪ್ರಾಣ ಬಿಟ್ಟರು.

ಅದೇ ದಿನ ಗೋವಾದ ದಾಬೋಳಿಯಲ್ಲಿ ನಡೆದದ್ದು ನಮ್ಮಲ್ಲಿ ಅಷ್ಟು ಪ್ರಚಾರದಲ್ಲಿಲ್ಲ.

ಬೆಳಿಗ್ಗೆ ವಾಯುಪಡೆಯ 12 ಕ್ಯಾನ್‌ಬೆರಾ ವಿಮಾನಗಳು ಬಂದು ದಾಬೋಳಿ ರನ್‌ವೇ ಮೇಲೆ ಸುಮಾರು 28 ಟನ್ ಬಾಂಬು ಸುರಿದವು. ಆಮೇಲೆ ಇನ್ನೂ 8 ಬಂದವು. ಆದರೆ ಟರ್ಮಿನಲ್ ಕಟ್ಟಡಕ್ಕೆ ಪೆಟ್ಟು ಬೀಳಬಾರದು ಎಂದು ಆದೇಶವಿತ್ತು. ಅಲ್ಲಿ ನಿಂತಿದ್ದ ಎರಡು ನಾಗರಿಕ ವಿಮಾನಗಳೂ ಉಳಿದವು. ಒಂದು ಪೋರ್ಚುಗಲ್‌ನ ಸೂಪರ್ ಕಾನ್ಸ್‌ಟಲೇಷನ್, ಇನ್ನೊಂದು ಗೋವಾದ್ದೇ ಕಂಪನಿಯ ಡಿಸಿ-4.

ಪೋರ್ಚುಗೀಸರ ಬಳಿ ಗೋವಾದಲ್ಲಿ ಯುದ್ಧವಿಮಾನವೇ ಇರಲಿಲ್ಲ. ರಾತ್ರಿ ಕತ್ತಲಲ್ಲಿ ರನ್‌ವೇ ಗುಂಡಿಗಳನ್ನು ಅವಸರದಲ್ಲಿ ಮುಚ್ಚಿದರು. ಅಧಿಕಾರಿಗಳ, ಸೈನಿಕರ ಮನೆಯವರನ್ನು ಹತ್ತಿಸಿದರು. ಭಾರ ಇಳಿಸಲು ಹೆಚ್ಚುವರಿ ಸೀಟುಗಳನ್ನು ಕಿತ್ತು ಎಸೆದರು. ಕಾನ್ಸ್‌ಟಲೇಷನ್ ಬರೀ 700 ಮೀಟರ್ ಓಡಿ ಮೇಲೆದ್ದಿತು. ಸಿಡಿದ ಕಲ್ಲುಚೂರು ತಾಗಿ ಅದರ ಮೈಯಲ್ಲಿ 25 ತೂತು, ಒಂದು ಟೈರ್ ಪಂಕ್ಚರ್! ಹಿಂದೆಯೇ ಡಿಸಿ-4 ಹಾರಿತು. ಎರಡೂ ಸಮುದ್ರಕ್ಕೆ ತೀರ ಹತ್ತಿರದಲ್ಲೇ ಹಾರಿ ಕರಾಚಿ ಮುಟ್ಟಿದವು.

ಸಾಗಣೆ ವಿಮಾನದ ಪಾಡು ಇದೇ. ಭಾರ ಹೆಚ್ಚು, ವೇಗ ಕಡಿಮೆ, ತಿರುಗಿ ಹೊಡೆಯಲು ಬಂದೂಕು ಇಲ್ಲ. ರಾಡಾರ್ ಕಣ್ಣು ತಪ್ಪಿಸಬೇಕಾದರೆ ಕೆಳಗೆ ಹಾರಬೇಕು, ಕೆಳಗೆ ಹಾರಿದರೆ ನೆಲದಿಂದಲೋ ಹಡಗಿನಿಂದಲೋ ಹೊಡೆಯುವವನಿಗೆ ಸುಲಭ. ಆ ರಾತ್ರಿ ಕತ್ತಲು ಅವರನ್ನು ಕಾಯಿತು.

ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಕಾರ್ಗಿಲ್‌ನಲ್ಲಿ 1999ರ ಮೇ 28ರಂದು ತೊಲೊಲಿಂಗ್ ಗುಡ್ಡದ ಮೇಲೆ ದಾಳಿಗೆ ಹೋದ ನಮ್ಮ ಎಂಐ-17 ಹೆಲಿಕಾಪ್ಟರ್‌ಗೆ ಹೆಗಲ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿ ಬಡಿಯಿತು. ಅದು ಜನ, ಸಾಮಾನು ಸಾಗಿಸುವ ಹೆಲಿಕಾಪ್ಟರ್, ರಾಕೆಟ್ ಕಟ್ಟಿ ಯುದ್ಧಕ್ಕೆ ಇಳಿಸಿದ್ದರು. ಕ್ಷಿಪಣಿಯ ದಾರಿ ತಪ್ಪಿಸಲು ಬೆಂಕಿಯ ಕಿಡಿ ಎರಚುವ ಸಾಧನ ಅದರಲ್ಲಿ ಇರಲಿಲ್ಲ. ಒಳಗಿದ್ದ ನಾಲ್ವರೂ ಹುತಾತ್ಮರಾದರು. ಆಮೇಲೆ ಈ ಹೆಲಿಕಾಪ್ಟರ್‌ಗಳನ್ನು ಅಲ್ಲಿ ದಾಳಿಗೆ ಕಳಿಸುವುದನ್ನು ನಿಲ್ಲಿಸಿದರು. ಮೊದಲೇ ನಿಲ್ಲಿಸಬಹುದಿತ್ತು ಎಂದು ನನಗನಿಸುತ್ತದೆ.

ಈಗ ಅಂಕೋಲಾಕ್ಕೆ ಬನ್ನಿ. ಅಲಗೇರಿ ಭಾಗದಲ್ಲಿ ನೌಕಾಪಡೆಯ ವಿಮಾನ ನೆಲೆಗೆ ತಾಗಿಕೊಂಡೇ ನಾಗರಿಕ ವಿಮಾನ ನಿಲ್ದಾಣದ ಯೋಜನೆ ಇದೆ. ಭೂಮಿಯ ದರ, ಪುನರ್ವಸತಿ ಬಗ್ಗೆ ಸಭೆಗಳಲ್ಲಿ ಮಾತಾಡುತ್ತೇವೆ. ಯುದ್ಧ ಬಂದ ದಿನ ಆ ರನ್‌ವೇಯಲ್ಲಿ ನಿಂತ ನಾಗರಿಕ ವಿಮಾನದ, ಸುತ್ತಲಿನ ಮನೆಗಳ ಗತಿ ಏನು ಎಂಬುದನ್ನೂ ಅದೇ ಸಭೆಯಲ್ಲಿ ಕೇಳಬೇಕು. ದಾಬೋಳಿಯಲ್ಲಿ ಇವತ್ತಿಗೂ ನೌಕಾಪಡೆಗೂ ಪ್ರಯಾಣಿಕರಿಗೂ ರನ್‌ವೇ ಒಂದೇ.