ಘಟ್ಟದ ಚಳಿ, ಉಮ್ಮಂದಿರ ಚರ್ಮ ಮತ್ತು ಎರಡು ಎಣ್ಣೆಗಳ ಚರಿತ್ರೆ

ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ ಪಣಕಹಳ್ಳಿ ಎಂಬ ಊರಿದೆ. ಸತ್ಯಮಂಗಲದ ಕಡೆಯಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿದ ಮೇಲೆ ಸಿಗುವ ಈ ಸೀಮೆ ಮೈಸೂರು ಪ್ರಸ್ಥಭೂಮಿಗೆ ಸೇರಿದ ನೆಲ. ಇಲ್ಲಿನ ಬಹಳಷ್ಟು ಮನೆಗಳ ಮಾತು ಕನ್ನಡ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ನಮ್ಮ ಕರಾವಳಿಗೆ ಇದು ದೂರದ ಊರು. ಆದರೆ ಅಲ್ಲಿನ ಒಣ ಚಳಿ, ಘಟ್ಟ ಹತ್ತಿದ ಬ್ಯಾರಿ ಕುಟುಂಬಗಳಿಗೆ ಹೊಸತಲ್ಲ.

ನಮ್ಮ ಹಿರಿಯರು ವ್ಯಾಪಾರಕ್ಕೆಂದು, ಕಾಫಿ ತೋಟದ ಕೆಲಸಕ್ಕೆಂದು ಚಿಕ್ಕಮಗಳೂರು, ಹಾಸನ, ಕೊಡಗಿಗೆ ಹೋದರು. ಹೆಂಗಸರು ಜೊತೆಯಲ್ಲಿ ತೆಂಗಿನೆಣ್ಣೆ ಕೊಂಡೊಯ್ದರು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಂಗಳೂರಿನಲ್ಲಿ ಅದು ಡಿಸೆಂಬರ್ ಬೆಳಗಿನ ಮಾತು, ಬಿಸಿಲೇರಿದರೆ ಕರಗುತ್ತದೆ. ಘಟ್ಟದ ಮೇಲೆ ಹಾಗಲ್ಲ. ಅಲ್ಲಿ ಬಾಟಲಿಯನ್ನು ಒಲೆಯ ಪಕ್ಕ ಇಡಬೇಕು, ಇಲ್ಲವೇ ಬಿಸಿನೀರಿನಲ್ಲಿ ಅದ್ದಬೇಕು.

ಬಯಲುಸೀಮೆಯವರ ಎಣ್ಣೆ ಬೇರೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹರಳು ಬೆಳೆದು, ಬೀಜ ಹುರಿದು ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆದಿಡುತ್ತಿದ್ದರು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಹರಳಿನ ಬೆಳೆಯ ಬಗ್ಗೆ ಬರೆದಿಟ್ಟಿದ್ದಾನೆ. ಹರಳೆಣ್ಣೆ ನಮ್ಮ ಯಾವ ಊರಿನ ಚಳಿಗೂ ಗಟ್ಟಿಯಾಗುವುದಿಲ್ಲ. ದೀಪಕ್ಕೂ ಅದೇ, ತಲೆಗೂ ಅದೇ, ಒಡೆದ ಹಿಮ್ಮಡಿಗೂ ಅದೇ.

ಕರಾವಳಿಯಾಗಲಿ ಬಯಲುಸೀಮೆಯಾಗಲಿ, ಹಿಂದೆ ಕ್ರಮ ಒಂದೇ ಇತ್ತು: ಮೊದಲು ಎಣ್ಣೆ, ಆಮೇಲೆ ಕಡಲೆಹಿಟ್ಟು ಅಥವಾ ಸೀಗೆ, ಕೊನೆಗೆ ಬಿಸಿನೀರು. ಸೋಪು ಬಂದು ಈ ಕ್ರಮವನ್ನು ಮುರಿಯಿತು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ ಮೈಸೂರು ಸರ್ಕಾರ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯಲು ಆರಂಭಿಸಿತು. ಮುಂದೆ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಸೋಪು ಸುಲಭವಾಗಿ ಸಿಗತೊಡಗಿದಂತೆ ಎಣ್ಣೆಸ್ನಾನ ಹಬ್ಬ ಮತ್ತು ಬಾಣಂತನಕ್ಕೆ ಸೀಮಿತವಾಯಿತು. ಸೋಪು ಕೊಳೆಯ ಜೊತೆಗೆ ಚರ್ಮದ ಸ್ವಂತ ಎಣ್ಣೆಯನ್ನೂ ತೊಳೆಯುತ್ತದೆ. ಹಾಗೆ ಹೋದ ಜಿಡ್ಡನ್ನು ಮರಳಿ ಕೊಡಲು ವ್ಯಾಸಲಿನ್, 1929ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಬೊರೊಲಿನ್, ಕೋಲ್ಡ್ ಕ್ರೀಮುಗಳು ಅಂಗಡಿಗೆ ಬಂದವು.

ಈ ಬದಲಾವಣೆಯ ಪೆಟ್ಟು ಹೆಚ್ಚು ಬಿದ್ದದ್ದು ವಯಸ್ಸಾದ ಹೆಂಗಸರಿಗೆ. ಮುಟ್ಟು ನಿಂತ ಮೇಲೆ ಹಾರ್ಮೋನು ಇಳಿದು ಚರ್ಮ ತೆಳುವಾಗುತ್ತದೆ, ಎಣ್ಣೆಗ್ರಂಥಿಗಳು ನಿಧಾನವಾಗುತ್ತವೆ. ಅದರ ಮೇಲೆ ಪಾತ್ರೆ ತೊಳೆಯುವ ಸೋಪು, ಸುಬ್‌ಹಿಯ ತಣ್ಣೀರಿನಿಂದ ಹಿಡಿದು ದಿನಕ್ಕೆ ಹಲವು ಬಾರಿ ವುಳೂ. ಕೈಯ ಗೆಣ್ಣು, ಮೊಣಕಾಲಿನ ಕೆಳಗೆ ಮತ್ತು ಹಿಮ್ಮಡಿಯಲ್ಲಿ ಮೊದಲು ತುರಿಕೆ, ಆಮೇಲೆ ಬಿರುಕು. ಸಕ್ಕರೆ ಕಾಯಿಲೆ ಇದ್ದರೆ ಕಾಲಿನ ಸ್ಪರ್ಶ ಕಡಿಮೆಯಾಗಿ, ಆ ಬಿರುಕು ನೋವಿಲ್ಲದೆಯೇ ಹುಣ್ಣಾಗಬಹುದು. "ಈ ಪ್ರಾಯದಲ್ಲಿ ಇನ್ನು ಯಾಕೆ ಶೃಂಗಾರ" ಎಂದು ಸುಮ್ಮನಿರುವ ವಿಷಯ ಇದಲ್ಲ.

ಹಳೆಯ ಕ್ರಮದಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳಷ್ಟಿದೆ. ನೀರು ಉಗುರುಬೆಚ್ಚಗೆ ಸಾಕು, ಸುಡುನೀರು ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಸೋಪು ಕಂಕುಳಿಗೆ, ಕಾಲಿಗೆ ಸಾಕು, ಮೈಯೆಲ್ಲ ಬೇಡ. ನೀರು ತಾಗದಂತೆ ತಡೆಯುವ ದಪ್ಪ ಪದರ ಅಂಗದ ಮೇಲೆ ಇರಬಾರದು ಎಂಬುದು ವುಳೂವಿನ ನಿಯಮ. ಹಾಗಾಗಿ ಎಣ್ಣೆ, ಕ್ರೀಮನ್ನು ವುಳೂ ಆದ ಮೇಲೆ ಹಚ್ಚುವುದು ಒಳ್ಳೆಯದು. ಚರ್ಮವೈದ್ಯರು ಹೇಳುವುದೂ ಇದನ್ನೇ: ಚರ್ಮ ಪೂರ್ತಿ ಒಣಗುವ ಮೊದಲು ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಹರಳೆಣ್ಣೆ ಅಂಟು, ವಾಸನೆಯೂ ಉಂಟು. ಅದನ್ನು ರಾತ್ರಿ ಹಿಮ್ಮಡಿಗೆ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಳ್ಳಲಿ. ಬಿರುಕಿನಲ್ಲಿ ರಕ್ತ, ಕೀವು ಕಂಡರೆ ಮನೆಮದ್ದು ಬಿಟ್ಟು ವೈದ್ಯರಿಗೆ ತೋರಿಸಬೇಕು.

ಮಕ್ಕಳ ಮೈಗೆ ಎಣ್ಣೆ ತಿಕ್ಕಿ ಬೆಳೆಸಿದವರು ನಮ್ಮ ಉಮ್ಮಂದಿರು. ಈ ಚಳಿಗಾಲದಲ್ಲಿ ಅವರ ಪಾದವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುವ ಕೆಲಸ ಮಕ್ಕಳದ್ದು.