ದೊರೆಯ ಶಾಸನ, ಹುಡುಗನ ಹೆಗಲು

ಕ್ರಿಸ್ತಶಕ 1182ರಲ್ಲಿ ವೇಲ್ಸ್ ಸೀಮೆಯ ಗಡಿಯಲ್ಲಿದ್ದ ಅಬರ್‌ಗವೆನ್ನಿ ಕೋಟೆಗೆ ವೆಲ್ಷ್ ಜನ ಮುತ್ತಿಗೆ ಹಾಕಿದರು. ಕೋಟೆಯ ಇಬ್ಬರು ಸೈನಿಕರು ಪ್ರಾಣ ಉಳಿಸಿಕೊಳ್ಳಲು ಬುರುಜಿನ ಕಡೆಗೆ ಓಡಿದರು. ಅವರ ಬೆನ್ನಟ್ಟಿ ಬಂದ ಬಾಣಗಳು ಅಂಗೈಯಗಲ ದಪ್ಪವಿದ್ದ ಓಕ್ ಮರದ ಬಾಗಿಲನ್ನು ಕೊರೆದು ಒಳಬದಿಯಲ್ಲಿ ಮೊನೆ ತೋರಿಸಿದವು. ಆರು ವರ್ಷಗಳ ಮೇಲೆ, 1188ರಲ್ಲಿ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪನೊಡನೆ ಆ ಸೀಮೆಯನ್ನು ಸುತ್ತಿದ ಪಾದ್ರಿ ಜೆರಾಲ್ಡ್ ಈ ವೃತ್ತಾಂತವನ್ನು ಬರೆದಿಟ್ಟ. ಆ ಬಿಲ್ಲುಗಳು ಎಲ್ಮ್ ಮರದವು, ನಯವಿಲ್ಲದ ಒರಟು ಬಿಲ್ಲುಗಳು, ಆದರೆ ಬಲು ಬಿರುಸಾದವು ಎಂಬ ಮಾತನ್ನೂ ಸೇರಿಸಿದ.

ಗಡಿನಾಡಿನ ಈ ಒರಟು ಆಯುಧವನ್ನು ಇಂಗ್ಲೆಂಡಿನ ದೊರೆಗಳು ಬೇಗ ಮರೆಯಲಿಲ್ಲ. ವೇಲ್ಸನ್ನು ಗೆದ್ದುಕೊಂಡ ಒಂದನೆಯ ಎಡ್ವರ್ಡ್ 1285ರಲ್ಲಿ ವಿಂಚೆಸ್ಟರ್ ಶಾಸನವನ್ನು ಹೊರಡಿಸಿ, ಪ್ರಜೆಗಳು ತಮ್ಮ ಆಸ್ತಿಗೆ ತಕ್ಕ ಆಯುಧವನ್ನು ಮನೆಯಲ್ಲಿ ಇಟ್ಟುಕೊಂಡಿರಬೇಕೆಂದು ವಿಧಿಸಿದ. ಕುದುರೆ, ಕವಚ ಕೊಳ್ಳುವ ಶಕ್ತಿ ಸಿರಿವಂತನಿಗಿತ್ತು; ಬಡವನ ಪಾಲಿಗೆ ಬಂದದ್ದು ಬಿಲ್ಲು, ಬಾಣ. ಯುರೋಪಿನ ರಣರಂಗಗಳಲ್ಲಿ ಮುಂದಿನ ಎರಡು ಶತಮಾನ ಕವಚಧಾರಿ ಸರದಾರರನ್ನು ಕಂಗೆಡಿಸಿದ್ದು ಬಡವನ ಈ ಪಾಲೇ.

1346ರ ಆಗಸ್ಟ್ 26ರಂದು ಕ್ರೆಸಿಯಲ್ಲಿ, 1356ರ ಸೆಪ್ಟೆಂಬರ್ 19ರಂದು ಪ್ವಾಟಿಯೇಯಲ್ಲಿ, 1415ರ ಅಕ್ಟೋಬರ್ 25ರಂದು ಅಜಿನ್‌ಕೋರ್ಟಿನಲ್ಲಿ ಫ್ರೆಂಚ್ ಕುಲೀನರ ಸೇನೆಗಳು ಸೋತವು. ಕ್ರೆಸಿಯಲ್ಲಿ ಫ್ರೆಂಚರ ಪರವಾಗಿ ಮೊದಲು ಮುಂದೆ ಬಂದವರು ಜಿನೋವಾದ ಅಡ್ಡಬಿಲ್ಲುಗಾರರು. ಅವರ ಯಂತ್ರ ಒಂದು ಬಾಣ ಬಿಡುವಷ್ಟರಲ್ಲಿ ಇಂಗ್ಲಿಷ್ ಬಿಲ್ಲಾಳು ಹಲವು ಬಾಣಗಳನ್ನು ಬಿಡುತ್ತಿದ್ದ. ಅಜಿನ್‌ಕೋರ್ಟಿನಲ್ಲಂತೂ ಐದನೆಯ ಹೆನ್ರಿಯ ಸೇನೆಯಲ್ಲಿ ಬಹುಪಾಲು ಬಿಲ್ಲಾಳುಗಳೇ ಇದ್ದರು. ಈ ಗೆಲುವುಗಳಿಗೆ ಕೆಸರು, ಇಳಿಜಾರು, ಶತ್ರುವಿನ ಅವಸರ ಎಂದು ಕಾರಣಗಳು ಹಲವು. ಆದರೂ ದೊರೆಗಳಿಗೆ ಒಂದು ಸಂಗತಿ ಮನದಟ್ಟಾಗಿತ್ತು. ಹೀಗೆ ಬಿಲ್ಲೆಳೆಯುವ ಆಳುಗಳನ್ನು ಸಂತೆಯಲ್ಲಿ ಕೊಳ್ಳಲಾಗದು, ದಂಡಯಾತ್ರೆಗೆ ಮುಂಚಿನ ಒಂದು ತಿಂಗಳಲ್ಲಿ ತಯಾರು ಮಾಡಲೂ ಆಗದು.

ಅದಕ್ಕೆ ಕಾರಣ ಬಿಲ್ಲಿನ ಸೆಳೆತದ ತೂಕ. ಹೆದೆಯನ್ನು ಕಿವಿಯವರೆಗೆ ಪೂರ್ತಿ ಎಳೆದು ನಿಂತಾಗ ಬೆರಳುಗಳ ಮೇಲೆ ಬೀಳುವ ಭಾರಕ್ಕೆ ಈ ಹೆಸರು. ಇಂದಿನ ಒಲಿಂಪಿಕ್ ಬಿಲ್ಲುಗಾರರು ಎಳೆಯುವುದು ಸುಮಾರು 40ರಿಂದ 50 ಪೌಂಡು. ಆ ಕಾಲದ ಯುದ್ಧದ ಬಿಲ್ಲಿನಲ್ಲಿ ಅದು 100 ಪೌಂಡಿಗೆ ಶುರುವಾಗಿ 150ನ್ನೂ ದಾಟುತ್ತಿತ್ತು. ನೂರೈವತ್ತು ಪೌಂಡೆಂದರೆ 68 ಕಿಲೋ, ಬೆಳೆದ ಒಬ್ಬ ಆಳಿನ ಮೈತೂಕ. ಅಷ್ಟನ್ನು ಮೂರು ಬೆರಳಲ್ಲಿ ಎಳೆದು, ಗುರಿ ಕಂಡು, ಬಿಟ್ಟು, ಮತ್ತೆ ಎಳೆಯಬೇಕು. ಶತ್ರು ಹತ್ತಿರ ಬರುವ ತನಕ ಇದೇ ಕೆಲಸ.

ಇಂಥ ಬಿಲ್ಲಿಗೆ ಅತ್ಯುತ್ತಮವೆನಿಸಿದ್ದು ಯೂ ಮರ. ಈ ಮರದ ಒಳಗಿನ ಕೆಂಪು ಚೇಗು ಒತ್ತಡವನ್ನು ತಾಳುತ್ತದೆ. ತೊಗಟೆಯ ಕೆಳಗಿನ ಬಿಳಿಭಾಗ ಸೆಳೆತವನ್ನು ತಾಳುತ್ತದೆ. ಎರಡೂ ಕೂಡಿರುವ ಕಡೆ ಮರವನ್ನು ಸೀಳಿ, ಬಿಳಿಭಾಗ ಶತ್ರುವಿನ ಕಡೆಗೂ ಚೇಗು ಬಿಲ್ಲುಗಾರನ ಕಡೆಗೂ ಬರುವಂತೆ ಕೆತ್ತಿದರೆ, ಬೇರೇನನ್ನೂ ಅಂಟಿಸದೆ ಒಂದೇ ದಾರುವಿನಲ್ಲಿ ಎರಡು ಗುಣದ ಬಿಲ್ಲು ಸಿದ್ಧ. ಬಿಲ್ಲು ಮಾಡುವವನು ಅರೆಗೆತ್ತಿದ ದಂಡವನ್ನು ಕಂಬಕ್ಕೆ ಸಿಕ್ಕಿಸಿ, ಹೆದೆಯನ್ನು ಸ್ವಲ್ಪ ಸ್ವಲ್ಪವೇ ಕೆಳಗೆಳೆದು, ದೂರ ನಿಂತು ಎರಡು ತೋಳುಗಳ ಬಾಗನ್ನು ನೋಡುತ್ತಿದ್ದ. ಬಿಗಿಯಾಗಿ ನಿಂತ ಕಡೆ ಒಂದು ಎಳೆ ಹೆರೆದು, ಮತ್ತೆ ಕಂಬಕ್ಕೇರಿಸಿ, ಮತ್ತೆ ನೋಡುತ್ತಿದ್ದ. ಬಿಲ್ಲಿನ ಮೊದಲ ಪರೀಕ್ಷೆ ನಡೆಯುತ್ತಿದ್ದದ್ದು ಈ ಕಂಬದಲ್ಲಿ. ಇಲ್ಲಿ ಗಂಟು, ಸೀಳು, ಅವಸರ ಯಾವುದೂ ಬಚ್ಚಿಟ್ಟುಕೊಳ್ಳುವಂತಿರಲಿಲ್ಲ. ಲಂಡನ್ನಿನಲ್ಲಿ ಬಿಲ್ಲು ಮಾಡುವವರೂ ಬಾಣ ಮಾಡುವವರೂ 1371ರಲ್ಲಿ ಬೇರೆ ಬೇರೆ ಸಂಘಗಳಾದರು. ಒಬ್ಬರ ಕಸುಬಿಗೆ ಇನ್ನೊಬ್ಬರು ಕೈಹಾಕುವಂತಿರಲಿಲ್ಲ.

ಇಂಗ್ಲೆಂಡಿನ ಯೂ ಮರಗಳು ಈ ಬೇಡಿಕೆಗೆ ಸಾಲಲಿಲ್ಲ. ಒಳ್ಳೆಯ ದಾರು ಸಮುದ್ರದಾಚೆಯಿಂದಲೇ ಬರಬೇಕಾಯಿತು. 1472ರಲ್ಲಿ ನಾಲ್ಕನೆಯ ಎಡ್ವರ್ಡನ ಶಾಸನ, ಹೊರಗಿನಿಂದ ಸರಕು ತರುವ ಹಡಗುಗಳು ಟನ್ನಿಗೆ ನಾಲ್ಕು ಬಿಲ್ಲುದಂಡಗಳನ್ನೂ ತರಬೇಕೆಂದು ವಿಧಿಸಿತು. 1484ರಲ್ಲಿ ಮೂರನೆಯ ರಿಚರ್ಡನು ಮಾಮ್ಸಿ ಮದ್ಯದ ಪೀಪಾಯಿ ಒಂದಕ್ಕೆ ಹತ್ತು ದಂಡಗಳಂತೆ ತರಬೇಕೆಂದ. ಹೀಗೆ ದ್ರಾಕ್ಷಾರಸದ ಬೆನ್ನು ಹತ್ತಿ ಯುದ್ಧದ ಮರ ಇಂಗ್ಲಿಷ್ ಬಂದರುಗಳನ್ನು ಸೇರಿತು.

ಶಾಸನ ಬರೆದರೆ ಮರ ಹಡಗೇರಿ ಬಂತು. ಆಳನ್ನು ತರುವುದು ಅಷ್ಟು ಸುಲಭವಿರಲಿಲ್ಲ. 1363ರಲ್ಲಿ ಮೂರನೆಯ ಎಡ್ವರ್ಡ್ ತನ್ನ ಅಧಿಕಾರಿಗಳಿಗೆ ಆಜ್ಞೆ ಕಳಿಸಿದ: ಮೈಯಲ್ಲಿ ಕಸುವಿರುವ ಗಂಡಸರೆಲ್ಲ ಹಬ್ಬದ ದಿನಗಳಲ್ಲಿ ಬಿಲ್ಲಿನ ಸಾಧನೆ ಮಾಡಬೇಕು, ಕಲ್ಲೆಸೆತ, ಕಾಲ್ಚೆಂಡು, ಕೋಳಿಜಗಳಗಳಲ್ಲಿ ಹೊತ್ತು ಕಳೆದರೆ ಸೆರೆವಾಸ. 1388ರಲ್ಲಿ ಎರಡನೆಯ ರಿಚರ್ಡನ ಸರದಿ. ಆಳುಮಕ್ಕಳೂ ಕೂಲಿಕಾರರೂ ಚೆಂಡು, ಪಗಡೆಗಳನ್ನು ಬಿಟ್ಟು ಭಾನುವಾರ ಬಿಲ್ಲು ಹಿಡಿಯಬೇಕೆಂದ. ಒಂದೇ ಆಜ್ಞೆಯನ್ನು ತಲೆಮಾರಿನಿಂದ ತಲೆಮಾರಿಗೆ ಹೊರಡಿಸಬೇಕಾಗಿ ಬಂತೆಂದರೆ, ಜನ ಅದನ್ನು ಎಷ್ಟು ಪಾಲಿಸಿದರೆಂದು ಬೇರೆ ಹೇಳಬೇಕಿಲ್ಲ. ಮೈಮುರಿಯುವ ಸಾಧನೆಗಿಂತ ಚೆಂಡಾಟ ಎಲ್ಲ ಕಾಲದಲ್ಲೂ ಹಿತವೇ.

ಎಂಟನೆಯ ಹೆನ್ರಿ 1541–42ರಲ್ಲಿ ಇನ್ನೂ ಬಿಗಿಯಾದ ಕಾನೂನು ತಂದ. ಏಳರಿಂದ ಹದಿನೇಳು ವರ್ಷದ ಪ್ರತಿ ಹುಡುಗನಿಗೂ ಮನೆಯವರು ಒಂದು ಬಿಲ್ಲು, ಎರಡು ಬಾಣ ಒದಗಿಸಬೇಕು. ಇಪ್ಪತ್ತನಾಲ್ಕು ದಾಟಿದವನು ದೂರಬಾಣ ಬಿಡುವಾಗ 220 ಗಜಕ್ಕಿಂತ ಹತ್ತಿರದ ಗುರಿಗೆ ಬಿಡಕೂಡದು. ಈ ಎರಡನೆಯ ವಿಧಿಯಲ್ಲಿ ಜಾಣತನವಿತ್ತು. 220 ಗಜವೆಂದರೆ 200 ಮೀಟರಿಗೂ ತುಸು ಹೆಚ್ಚು. ಹಗುರ ಬಿಲ್ಲು ಅಷ್ಟು ದೂರ ಮುಟ್ಟದು. ಪ್ರತಿಯೊಬ್ಬನ ಬಿಲ್ಲನ್ನೂ ತೂಗಿ ನೋಡುವ ಅಧಿಕಾರಿ ಯಾವ ಹಳ್ಳಿಯಲ್ಲೂ ಇರಲಿಲ್ಲ. ಬಯಲಿನ ದೂರವೇ ಆ ಕೆಲಸ ಮಾಡುತ್ತಿತ್ತು.

ಹುಡುಗನ ಕೈಗೆ ಭಾರದ ಬಿಲ್ಲು ಬರುತ್ತಿದ್ದ ಬಗೆಯನ್ನು ನಮಗೆ ಚೆನ್ನಾಗಿ ತಿಳಿಸಿದವನು ಬಿಷಪ್ ಹ್ಯೂ ಲ್ಯಾಟಿಮರ್. 1549ರಲ್ಲಿ ಬಾಲದೊರೆ ಆರನೆಯ ಎಡ್ವರ್ಡನ ಮುಂದೆ ಪ್ರವಚನ ಮಾಡುತ್ತ, ಲೆಸ್ಟರ್‌ಶೈರಿನ ಒಕ್ಕಲು ಮನೆಯಲ್ಲಿ ತನ್ನ ತಂದೆ ತನಗೆ ಬಿಲ್ಲುವಿದ್ಯೆ ಕಲಿಸಿದ್ದನ್ನು ಆತ ನೆನೆದ. ವಯಸ್ಸಿಗೂ ಬಲಕ್ಕೂ ತಕ್ಕ ಬಿಲ್ಲನ್ನು ತಂದೆ ಕೊಳ್ಳುತ್ತಿದ್ದ. ಹುಡುಗ ಬೆಳೆದಂತೆ ಬಿಲ್ಲೂ ದೊಡ್ಡದಾಗುತ್ತಿತ್ತು. ಬೇರೆ ನಾಡಿನವರಂತೆ ತೋಳಿನ ಬಲದಿಂದ ಎಳೆಯದೆ, ಇಡೀ ಮೈಯನ್ನು ಬಿಲ್ಲಿನೊಳಗೆ ಒರಗಿಸುವುದು ಆ ಪಾಠದ ತಿರುಳು. ಎಳೆಯತನದಲ್ಲೇ ಹೀಗೆ ಬೆಳೆಸದಿದ್ದರೆ ಯಾರೂ ಒಳ್ಳೆಯ ಬಿಲ್ಲುಗಾರನಾಗಲಾರನೆಂದು ಲ್ಯಾಟಿಮರ್ ದೊರೆಗೆ ಹೇಳಿದ.

ಮೈಯನ್ನು ಒರಗಿಸುವುದೆಂದರೆ ಇಷ್ಟು: ಬಿಲ್ಲು ಹಿಡಿದ ಕೈಯನ್ನು ಮುಂದೆ ಒತ್ತುತ್ತ, ಹೆದೆ ಹಿಡಿದ ಕೈಯನ್ನು ಹಿಂದೆ ಒಯ್ಯುತ್ತ, ನಡುವೆ ಎದೆಯನ್ನು ತೆರೆದು ಮುಂದಕ್ಕೆ ನುಗ್ಗಿಸಬೇಕು. ಆಗ ಭಾರವನ್ನು ಹೊರುವುದು ಬೆನ್ನಿನ ಅಗಲವಾದ ಸ್ನಾಯುಗಳು ಮತ್ತು ಬುಡದಲ್ಲಿ ನೆಟ್ಟ ಕಾಲುಗಳು. ತೋಳನ್ನೇ ನಂಬಿದವನು ಹತ್ತು ಬಾಣಕ್ಕೆ ನಡುಗುತ್ತಾನೆ. ಪೂರ್ತಿ ಎಳೆದ ಮೇಲೆ ಹಿಡಿದು ನಿಲ್ಲುವುದೂ ಹೆಚ್ಚು ಹೊತ್ತು ಸಲ್ಲದು. ಗುರಿಯ ಲೆಕ್ಕ ಎಳೆಯುತ್ತಿರುವಾಗಲೇ ಮುಗಿದಿರಬೇಕು. 1545ರಲ್ಲಿ ರೋಜರ್ ಆಸ್ಕಮ್ 'ಟಾಕ್ಸೋಫಿಲಸ್' ಎಂಬ ಗ್ರಂಥವನ್ನು ಬರೆದು ದೊರೆ ಹೆನ್ರಿಗೆ ಅರ್ಪಿಸಿದಾಗ, ನಿಲುವು, ಎಳೆತ, ಬಿಡುವಿಕೆಗಳ ಈ ಶಿಸ್ತು ಇಂಗ್ಲಿಷಿನಲ್ಲಿ ಮೊದಲ ಬಾರಿಗೆ ಪುಸ್ತಕವಾಯಿತು.

ಹೀಗೆ ಬೆಳೆದ ಮೈಗಳು ಪರದೇಶದವರ ಕಣ್ಣಿಗೂ ಬಿದ್ದವು. 1483ರಲ್ಲಿ ಲಂಡನ್ನಿನಲ್ಲಿದ್ದ ಇಟಲಿಯ ಡೊಮಿನಿಕ್ ಮಾನ್ಸಿನಿ, ಅಲ್ಲಿ ಕಂಡ ಬಿಲ್ಲಾಳುಗಳ ಕೈ ತೋಳುಗಳನ್ನು ಕಬ್ಬಿಣಕ್ಕೆ ಹೋಲಿಸಿ ಬರೆದ. ಬಾಲದೊರೆ ಆರನೆಯ ಎಡ್ವರ್ಡ್ ಸಹ ತನ್ನ ಕಾವಲುಪಡೆಯ ಬಿಲ್ಲಾಳುಗಳ ಪರೀಕ್ಷೆಯೊಂದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಒಂದಂಗುಲ ದಪ್ಪದ, ಚೆನ್ನಾಗಿ ಒಣಗಿದ ಹಲಗೆಗಳಿಗೆ ಅವರು ಬಾಣ ಬಿಟ್ಟರು. ಕೆಲವು ಬಾಣಗಳು ಹಲಗೆಯನ್ನು ತೂರಿ ಹಿಂದಿನ ಹಲಗೆಗೂ ನಾಟಿದವು. ಬಿಲ್ಲಿನ ಬಲವನ್ನು ಕಾಗದದಲ್ಲಿ ಅಳೆಯುವ ಗಣಿತ ಇನ್ನೂ ಹುಟ್ಟದ ಕಾಲದಲ್ಲಿ ಮರದ ಹಲಗೆಯೇ ಸಾಕ್ಷಿ.

ಅದಕ್ಕೂ ಮುಂಚೆ, 1545ರ ಜುಲೈ 19ರಂದು, ಫ್ರೆಂಚ್ ನೌಕಾಪಡೆಯನ್ನು ಎದುರಿಸಲು ಪೋರ್ಟ್ಸ್‌ಮತ್ತಿನಿಂದ ಹೊರಟ ಹೆನ್ರಿಯ ಯುದ್ಧನೌಕೆ 'ಮೇರಿ ರೋಸ್' ಸೋಲೆಂಟ್ ಜಲಸಂಧಿಯಲ್ಲಿ ಮುಳುಗಿತ್ತು. ದೊರೆ ದಡದಲ್ಲಿ ನಿಂತು ನೋಡುತ್ತಿದ್ದ. ಹಡಗಿನಲ್ಲಿದ್ದ ಸುಮಾರು 500 ಜನರಲ್ಲಿ ಬದುಕಿದವರು ಕೆಲವೇ ಮಂದಿ. ನೌಕಾಪಡೆಯ ಪಟ್ಟಿಯ ಪ್ರಕಾರ ಅದರ ಪಾಲಿಗೆ 250 ಯೂ ಬಿಲ್ಲುಗಳಿದ್ದವು. ಬಾಣಗಳು 24ರ ಕಟ್ಟಿನಂತೆ 400 ಕಟ್ಟು. ಕೆಸರು ಅವುಗಳನ್ನು ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಕಾಪಾಡಿತು.

ನೆಲದ ಮೇಲಿನ ಬಿಲ್ಲಿಗೆ ಅಷ್ಟು ಆಯುಸ್ಸು ಉಳಿದಿರಲಿಲ್ಲ. 1590ರಲ್ಲಿ ಸರ್ ಜಾನ್ ಸ್ಮೈತ್ ಬಿಲ್ಲಿನ ಪರವಾಗಿ ಪುಸ್ತಕ ಬರೆದ. ಅದೇ ವರ್ಷ ಸರ್ ರೋಜರ್ ವಿಲಿಯಮ್ಸ್ ಕೋವಿಯ ಪರ ವಾದಿಸಿದ. ರಣಭೂಮಿಯನ್ನು ಚೆನ್ನಾಗಿ ಬಲ್ಲ ವಿಲಿಯಮ್ಸನ ಮಾತು ಕಟುವಾಗಿತ್ತು: ಮೂರು ನಾಲ್ಕು ತಿಂಗಳು ಬಯಲಲ್ಲಿ ಬಿದ್ದಿದ್ದರೆ 5,000 ಬಿಲ್ಲಾಳುಗಳಲ್ಲಿ ಬಲವಾಗಿ ಬಾಣ ಬಿಡುವವರು 500 ಮಂದಿಯೂ ಉಳಿಯರು. ಹಸಿವು, ಜ್ವರ, ಚಳಿ ಮೊದಲು ತಿನ್ನುವುದು ಸ್ನಾಯುವನ್ನೇ. ಬಸವಳಿದ ಸಿಪಾಯಿಯ ಕೋವಿ ಅದೇ ಬಲದಿಂದ ಗುಂಡು ಹಾರಿಸುತ್ತದೆ. ಬಸವಳಿದವನ ಬಿಲ್ಲು ಅರ್ಧಕ್ಕೆ ನಿಲ್ಲುತ್ತದೆ. 1595ರಲ್ಲಿ ರಾಣಿ ಎಲಿಜಬೆತ್ತಳ ಪ್ರಿವಿ ಕೌನ್ಸಿಲ್ ನಾಡಪಡೆಗಳು ಬಿಲ್ಲು ಬಿಟ್ಟು ಕೋವಿ ಹಿಡಿಯಬೇಕೆಂದು ಆಜ್ಞಾಪಿಸಿತು.

ಹಳೆಯ ಬಿಲ್ಲುಗಳ ತೂಕದ ಬಗ್ಗೆ ಆಮೇಲೆ ಬಂದವರಿಗೆ ನಂಬಿಕೆ ಹೋಯಿತು. ಮನರಂಜನೆಗೆ ಬಿಲ್ಲು ಹಿಡಿದ ವಿಕ್ಟೋರಿಯಾ ಕಾಲದ ಶ್ರೀಮಂತರು ಎಳೆಯುತ್ತಿದ್ದದ್ದು 50 ಪೌಂಡಿನ ಆಸುಪಾಸು. ನೂರೈವತ್ತರ ಮಾತು ಅವರಿಗೆ ಪುರಾಣವೆನಿಸಿತು. ಅನುಮಾನ ಕಳೆಯಲು 'ಮೇರಿ ರೋಸ್' ಮೇಲೆ ಬರಬೇಕಾಯಿತು. 1982ರ ಅಕ್ಟೋಬರ್ 11ರಂದು ಹಡಗಿನ ಒಡಲನ್ನು ನೀರಿನಿಂದ ಎತ್ತಿದರು. ಆ ವರ್ಷಗಳ ಮುಳುಗುಶೋಧದಲ್ಲಿ 137 ಇಡೀ ಬಿಲ್ಲುಗಳೂ 3,500ಕ್ಕೂ ಹೆಚ್ಚು ಬಾಣಗಳೂ ದೊರೆತವು. ಬಿಲ್ಲುಗಳ ಉದ್ದ ಸರಾಸರಿ ಎರಡು ಮೀಟರಿಗೆ ಹತ್ತಿರ. ನೀರು ಕುಡಿದು ಸತ್ವ ಕಳೆದುಕೊಂಡಿದ್ದ ಮರವನ್ನು ಎಳೆದು ನೋಡಿ ಹಳೆಯ ಬಲವನ್ನು ತಿಳಿಯುವಂತಿರಲಿಲ್ಲ. ಆದ್ದರಿಂದ ಅಳತೆಗಳನ್ನು ಹಿಡಿದು ಡಚ್ ಗಣಿತಜ್ಞ ಕೋಯಿ ಲೆಕ್ಕ ಹಾಕಿದ. ನಟನೂ ಬಿಲ್ಲಿನ ಇತಿಹಾಸಕಾರನೂ ಆದ ರಾಬರ್ಟ್ ಹಾರ್ಡಿಯ ಬಳಗದಲ್ಲಿ ರಾಯ್ ಕಿಂಗ್ ಅದೇ ಅಳತೆಯ ಹೊಸ ಬಿಲ್ಲುಗಳನ್ನು ಕೆತ್ತಿದ. 30 ಅಂಗುಲದ ಎಳೆತಕ್ಕೆ 100ರಿಂದ 185 ಪೌಂಡು, ಹೆಚ್ಚಿನವು 150–160ರ ಸುತ್ತ ಎಂದು ಲೆಕ್ಕ ನಿಂತಿತು. 150 ಪೌಂಡಿನ ಪ್ರತಿಕೃತಿಯೊಂದು 53.6 ಗ್ರಾಂ ಬಾಣವನ್ನು 328 ಮೀಟರಿಗೂ, 95.9 ಗ್ರಾಂ ಬಾಣವನ್ನು ಸುಮಾರು 250 ಮೀಟರಿಗೂ ಕಳಿಸಿತು. ಹೆನ್ರಿಯ 220 ಗಜದ ವಿಧಿ ಬರಿಯ ಗರ್ವದ ಮಾತಾಗಿರಲಿಲ್ಲವೆಂದು ಆಗ ಸಾಬೀತಾಯಿತು.

ಮೂಳೆಗಳೂ ಸಾಕ್ಷಿ ನುಡಿದವು. ಹೆಗಲೆಲುಬಿನ ತುದಿಯ ತುಣುಕು ಹರೆಯ ಮುಗಿಯುವ ಹೊತ್ತಿಗೆ ಉಳಿದ ಎಲುಬಿಗೆ ಬೆಸೆದುಕೊಳ್ಳಬೇಕು. ಮೂಳೆತಜ್ಞೆ ಆ್ಯನ್ ಸ್ಟರ್ಲೆಂಡ್ ಪರೀಕ್ಷಿಸಿದಾಗ, 'ಮೇರಿ ರೋಸ್'ನ ಆಳುಗಳಲ್ಲಿ ಅದು ಬೆಸೆಯದೆ ಉಳಿದ ಹೆಗಲುಗಳು ಸಾಮಾನ್ಯಕ್ಕಿಂತ ಹೆಚ್ಚಿದ್ದವು. ಎಳವೆಯಿಂದ ಭಾರದ ಬಿಲ್ಲೆಳೆದದ್ದೇ ಕಾರಣವಿರಬೇಕೆಂದು ಆಕೆ ಊಹಿಸಿದರು. 1461ರ ಟೌಟನ್ ಕದನದಲ್ಲಿ ಸತ್ತವರ ಸಾಮೂಹಿಕ ಗೋರಿ 1996ರಲ್ಲಿ ಸಿಕ್ಕಾಗ, ಅಲ್ಲಿನ ಕೆಲವು ಎಲುಬುಗೂಡುಗಳೂ ಬಿಲ್ಲುಗಾರರ ಮೈಯನ್ನೇ ಸೂಚಿಸಿದವು.

ಇನ್ನೊಂದು ಪರೀಕ್ಷೆ ಬಿಲ್ಲಿನ ಎಲ್ಲೆಯನ್ನೂ ತೋರಿಸಿತು. 2019ರಲ್ಲಿ ಇಂಗ್ಲೆಂಡಿನ ಬಿಲ್ಲುಗಾರ ಜೋ ಗಿಬ್ಸ್ 160 ಪೌಂಡಿನ ಬಿಲ್ಲಿನಿಂದ, ಅಜಿನ್‌ಕೋರ್ಟ್ ಕಾಲದ ಮಾದರಿಯ ಉಕ್ಕಿನ ಎದೆಗವಚಕ್ಕೆ 25 ಮೀಟರ್ ಹತ್ತಿರದಿಂದ ಬಾಣ ಬಿಟ್ಟ. ಒಂದು ಬಾಣವೂ ತೂರಲಿಲ್ಲ. ಸರದಾರನ ಎದೆಯನ್ನು ಸೀಳಿ ಬಿಲ್ಲು ಗೆದ್ದಿತೆಂಬುದು ಕಟ್ಟುಕಥೆ. ಕುದುರೆಗೆ, ಮುಖಕ್ಕೆ, ಕವಚವಿಲ್ಲದ ಸಂದಿಗೆ, ಅದಕ್ಕಿಂತ ಹೆಚ್ಚಾಗಿ ಶತ್ರುವಿನ ವ್ಯೂಹಕ್ಕೆ ಪೆಟ್ಟು ಕೊಟ್ಟು ಅದು ಗೆದ್ದಿತು. ಸಾವಿರಾರು ಆಳುಗಳು ಒಟ್ಟಿಗೆ ಭಾರದ ಬಿಲ್ಲೆಳೆದಾಗ ಮಾತ್ರ ಆ ಪೆಟ್ಟಿಗೆ ಬೆಲೆ.

ಅಂಥ ಸಾವಿರಾರು ಆಳುಗಳನ್ನು ಬೆಳೆಸಿದ ಕೀರ್ತಿಯನ್ನು ಇತಿಹಾಸ ದೊರೆಗಳಿಗೆ ಕೊಟ್ಟಿದೆ. ಅದರಲ್ಲಿ ದೊಡ್ಡ ಪಾಲು ಲ್ಯಾಟಿಮರನ ತಂದೆಯಂಥ ಒಕ್ಕಲಿಗರಿಗೆ ಸಲ್ಲಬೇಕು. ಶಾಸನದಿಂದ ಮರ ತರಿಸಬಹುದು, ಬಿಲ್ಲು ಹಂಚಬಹುದು, ಆಟ ನಿಲ್ಲಿಸಬಹುದು. ಹುಡುಗನ ಬಲವನ್ನು ನೋಡಿ, ಈ ವರ್ಷ ಇಷ್ಟು, ಬರುವ ವರ್ಷ ಇನ್ನಷ್ಟು ಎಂದು ಬಿಲ್ಲು ಬದಲಿಸುವ ತಾಳ್ಮೆ ಮನೆಯಲ್ಲೇ ಇರಬೇಕು. ಇಂದು ಹಳೆಯ ಮಾದರಿಯ ಭಾರದ ಬಿಲ್ಲನ್ನು ಎಳೆಯಬೇಕೆಂಬ ಆಸೆ ಹೊತ್ತವರಿಗೂ ಆ ಒಕ್ಕಲಿಗನ ಕ್ರಮಕ್ಕಿಂತ ಬೇರೆ ದಾರಿಯಿಲ್ಲ: ಕೈಯಲ್ಲಿರುವ ಬಿಲ್ಲು ಪೂರ್ತಿ ವಶವಾದ ಮೇಲೆಯೇ ಮುಂದಿನದಕ್ಕೆ ಕೈ ಚಾಚಿ.